ಕಲ್ಲು ಶಿಥಿಲವಾಗುವುದು, ಮಣ್ಣು ಹುಳಿಯಾಗುವುದು, ಕೊಚ್ಚಿಹೋಗುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಪಾಠದ ನಡುವೆ, ಪತ್ರಗಳಲ್ಲಿ, ಸುಮ್ನೆ ಹರಟುವಾಗ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು, ತಲೆ ತಿನ್ನುವಂಥವು ಕೊನೆಗೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಶುರುವಿನ ಪ್ರಶ್ನೆಗಳು

ಶಿಥಿಲೀಕರಣ, ಸವಕಳಿ ಎರಡೂ ಒಂದೇ ಅಲ್ವಾ?

ಅಲ್ಲ. ಒಡೆಯುವುದು ಬೇರೆ, ಒಯ್ಯುವುದು ಬೇರೆ. ಕಲ್ಲು ಇದ್ದ ಜಾಗದಲ್ಲೇ ಬಿರುಕು ಬಿಟ್ಟು, ಮೆತ್ತಗಾಗಿ, ಹುಡಿಯಾಗುವುದು ಶಿಥಿಲೀಕರಣ. ಆ ಹುಡಿಯನ್ನು ನೀರೋ ಗಾಳಿಯೋ ಹಿಮವೋ ಬೇರೆಡೆಗೆ ಸಾಗಿಸುವುದು ಸವಕಳಿ. ಬಂಡೆಯ ಆಕಾರ ಹಾಗೇ ಇದೆ, ಬೆರಳಲ್ಲಿ ಒತ್ತಿದರೆ ಮಾತ್ರ ಪುಡಿ ಉದುರುತ್ತದೆ ಅಂದರೆ, ಅಲ್ಲಿ ಮೊದಲನೆಯದು ನಡೆದಿದೆ, ಎರಡನೆಯದು ಇನ್ನೂ ಬಂದಿಲ್ಲ. ಒಡೆದದ್ದರಲ್ಲಿ ಒಯ್ಯದೆ ಉಳಿದ ಪಾಲಿಗೆ ಕೊಳೆತ ಎಲೆ, ಬೇರು, ಹುಳ, ಸೂಕ್ಷ್ಮಜೀವಿ ಸೇರಿದರೆ ಅದೇ ಮಣ್ಣು. ಈ ಒಂದು ಭೇದ ತಲೆಯಲ್ಲಿದ್ದರೆ ಕೆಳಗಿನ ಅರ್ಧ ಗೊಂದಲ ತಾನಾಗಿ ಕರಗುತ್ತದೆ.

ಕಲ್ಲು ಅಷ್ಟು ಗಟ್ಟಿ. ಬರೀ ನೀರು ಅದನ್ನು ಹೇಗೆ ಒಡೆಯುತ್ತೆ?

ಎರಡು ದಾರಿಯಲ್ಲಿ. ಒಂದು ಬಲದ ದಾರಿ. ನೀರು ಹೆಪ್ಪುಗಟ್ಟುವಾಗ ಸುಮಾರು 9% ಹಿಗ್ಗುತ್ತದೆ. ಬಿರುಕಿನೊಳಗೆ ಸಿಕ್ಕಿಕೊಂಡ ನೀರು ಹಾಗೆ ಹಿಗ್ಗಿದರೆ ಬಿರುಕು ಅಗಲವಾಗುತ್ತದೆ. ಸಮುದ್ರದ ದಂಡೆಯಲ್ಲಿ, ಮರುಭೂಮಿಯಲ್ಲಿ ಅದೇ ಕೆಲಸವನ್ನು ಉಪ್ಪಿನ ಹರಳು ಮಾಡುತ್ತದೆ. ಬೇರು ಬೆಣೆಯಂತೆ ನುಗ್ಗುತ್ತದೆ. ಇನ್ನೊಂದು ವಿಚಿತ್ರ ಇದೆ. ನೆಲದಾಳದಲ್ಲಿ ಭಾರಿ ಒತ್ತಡದ ಕೆಳಗೆ ಹುಟ್ಟಿದ ಗ್ರಾನೈಟ್, ಮೇಲಿನ ಭಾರ ಸವೆದುಹೋದ ಮೇಲೆ ಹಿಗ್ಗಿ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಅಮೆರಿಕದ ಯೊಸೆಮಿಟಿಯ ದುಂಡು ಬೆಟ್ಟಗಳಲ್ಲಿ ಈ ಸಿಪ್ಪೆಗಳು ದೂರದಿಂದಲೇ ಕಾಣುತ್ತವೆ.

ಎರಡನೆಯದು ರಸಾಯನದ ದಾರಿ. ನೀರು ಖನಿಜದ ಜೊತೆ ವರ್ತಿಸಿ ಅದನ್ನೇ ಬೇರೆ ವಸ್ತುವಾಗಿಸುತ್ತದೆ. ಬಲ ಇಲ್ಲಿ ರಸಾಯನಕ್ಕೆ ದಾರಿ ಬಿಡಿಸಿಕೊಡುತ್ತದೆ. ಲೆಕ್ಕ ಹಾಕಿ ನೋಡಿ: ಒಂದು ಮೀಟರ್ ಉದ್ದಗಲದ ಘನಾಕಾರದ ಕಲ್ಲಿಗೆ 6 ಚದರ ಮೀಟರ್ ಮೈ. ಅದನ್ನೇ ಒಂದು ಸೆಂಟಿಮೀಟರ್ ತುಂಡುಗಳಾಗಿ ಒಡೆದರೆ 600 ಚದರ ಮೀಟರ್. ಕಲ್ಲು ಅಷ್ಟೇ, ನೀರಿಗೆ ಸಿಗುವ ಮೈ ನೂರು ಪಟ್ಟು.

ಹಗಲು ಕಾದು ರಾತ್ರಿ ತಣ್ಣಗಾಗಿ ಕಲ್ಲು ಒಡೆಯುತ್ತೆ ಅಂತ ಶಾಲೆಯಲ್ಲಿ ಓದಿದ್ದೆ. ನಿಜಾನಾ?

ಪಠ್ಯಪುಸ್ತಕ ಹೇಳುವಷ್ಟು ಸರಳವಾಗಿಲ್ಲ. 1936ರಲ್ಲಿ ಡೇವಿಡ್ ಗ್ರಿಗ್ಸ್ ಅನ್ನುವ ವಿಜ್ಞಾನಿ ನುಣ್ಣಗೆ ಹೊಳಪು ಕೊಟ್ಟ ಗ್ರಾನೈಟ್ ತುಂಡನ್ನು ಒಣ ಗಾಳಿಯಲ್ಲಿ ಕಾಯಿಸಿ ಆರಿಸುತ್ತಾ ಹೋದರು. 89,400 ಸಲ! ಅಂದರೆ ಸುಮಾರು 244 ವರ್ಷಗಳ ಹಗಲು ರಾತ್ರಿಗೆ ಸಮ. ಕಲ್ಲಿಗೆ ಏನೂ ಆಗಲಿಲ್ಲ. ಆಮೇಲೆ ಆರಿಸುವಾಗ ನೀರು ಚಿಮುಕಿಸಿದರು. ಸ್ವಲ್ಪ ಕಾಲದಲ್ಲೇ ಹೊಳಪು ಹೋಯಿತು, ಬಿರುಕು ಮೂಡಿತು.

ಹಾಗಂತ ಬಿಸಿಲಿನ ಪಾತ್ರ ಸೊನ್ನೆ ಅಲ್ಲ. ಗ್ರಿಗ್ಸ್ ತೆಗೆದುಕೊಂಡದ್ದು ಪುಟ್ಟ, ಬಿಡಿಯಾದ ತುಂಡು. ಅದು ಎಲ್ಲ ಕಡೆಗೂ ಆರಾಮಾಗಿ ಹಿಗ್ಗಬಲ್ಲದು. ದೊಡ್ಡ ಬಂಡೆಯ ಹೊರಮೈ ಕಾದರೂ ಒಳಗು ತಣ್ಣಗೇ ಇರುತ್ತದೆ, ಅಲ್ಲಿ ಎಳೆದಾಟ ಹುಟ್ಟುತ್ತದೆ. ಮೊದಲೇ ಇದ್ದ ಸಣ್ಣ ಬಿರುಕು ಇಷ್ಟಿಷ್ಟೇ ಬೆಳೆಯುತ್ತದೆ, ತೇವ ಇದ್ದರೆ ಇನ್ನೂ ಬೇಗ. ಬಿಸಿಲು ನೀರಿನ ಜೊತೆಗಾರ ಅಂದುಕೊಳ್ಳಿ, ಸರಿಹೋಗುತ್ತದೆ.

ಒಂದೇ ಬಂಡೆಯಲ್ಲಿ ಕೆಲವು ಕಣ ಹಾಗೇ ಉಳಿದು, ಕೆಲವು ಮಣ್ಣಾಗೋದು ಯಾಕೆ?

ರಸ್ತೆಗೆಂದು ಗುಡ್ಡ ಕಡಿದ ಕಡೆ ನಿಂತು ನೋಡಿದ್ದೀರಾ? ನಡುವೆ ದುಂಡಗಿನ ಗಟ್ಟಿ ಕಲ್ಲು. ಸುತ್ತ ತುಕ್ಕು ಬಣ್ಣದ ಸಿಪ್ಪೆ. ಅದರಾಚೆ ಗರಸು. ಆ ಗರಸನ್ನು ಅಂಗೈಯಲ್ಲಿ ತಿಕ್ಕಿ. ಚುಚ್ಚುವ ಗಾಜಿನಂಥ ಕಣ ಬೆಣಚುಕಲ್ಲು, ಅದಕ್ಕೆ ಏನೂ ಆಗಿಲ್ಲ. ಬಿಳಿ ಹಿಟ್ಟಿನಂತೆ ಕೈಗೆ ಮೆತ್ತಿಕೊಳ್ಳುವುದು ಒಂದು ಕಾಲದಲ್ಲಿ ಫೆಲ್ಡ್‌ಸ್ಪಾರ್ ಅನ್ನುವ ಖನಿಜ, ಈಗ ಜೇಡಿಯಾಗಿದೆ. ತುಕ್ಕಿನ ಬಣ್ಣ ಬಂದದ್ದು ಕಪ್ಪು ಅಭ್ರಕದ ಕಬ್ಬಿಣದಿಂದ.

1938ರಲ್ಲಿ ಸ್ಯಾಮ್ಯುಯೆಲ್ ಗೋಲ್ಡಿಚ್ ಇದಕ್ಕೊಂದು ಕ್ರಮ ಗುರುತಿಸಿದರು. ಹೆಚ್ಚು ಬಿಸಿಯಲ್ಲಿ ಹುಟ್ಟಿದ ಖನಿಜ ಮೊದಲು ಸೋಲುತ್ತದೆ, ಕಡಿಮೆ ಬಿಸಿಯಲ್ಲಿ ಹುಟ್ಟಿದ್ದು ಜಾಸ್ತಿ ಕಾಲ ತಾಳುತ್ತದೆ. ಆಲಿವಿನ್ ಮೊದಲಿಗೆ, ಬೆಣಚುಕಲ್ಲು ಕೊನೆಗೆ. ಹುಟ್ಟಿದ ಜಾಗಕ್ಕೂ ಈಗಿರುವ ಜಾಗಕ್ಕೂ ಅಜಗಜಾಂತರ ಇದ್ದಷ್ಟೂ ಬಾಳಿಕೆ ಕಡಿಮೆ. ಜಗತ್ತಿನ ಬಹುಪಾಲು ಮರಳು ಬೆಣಚುಕಲ್ಲಿನ ಚೂರೇ ಆಗಿರುವುದಕ್ಕೆ ಇದೇ ಕಾರಣ. ಉಳಿದವೆಲ್ಲ ದಾರಿಯಲ್ಲೇ ಜೇಡಿಯಾಗಿಬಿಟ್ಟವು.

## ಹುಳಿಯ ವಿಚಾರ

ಮಳೆ ನೀರು ಶುದ್ಧ ಅಂತಾರೆ. ಮತ್ತೆ ಅದು ಹುಳಿ ಹೇಗಾಯ್ತು?

ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಮಳೆಹನಿಯಲ್ಲಿ ಕರಗಿ ಕಾರ್ಬಾನಿಕ್ ಆಮ್ಲ ಆಗುತ್ತದೆ. ಹಾಗಾಗಿ ಹೊಗೆ, ಧೂಳು ಏನೂ ಇಲ್ಲದ ಕಡೆಯೂ ಮಳೆಯ ಪಿಎಚ್ ಸುಮಾರು 5.6. ಪಿಎಚ್ ಅನ್ನು ನಮ್ಮ ಕೃಷಿ ಪುಸ್ತಕಗಳು ರಸಸಾರ ಅನ್ನುತ್ತವೆ. ಡೆನ್ಮಾರ್ಕಿನ ಸೋರೆನ್ಸನ್ 1909ರಲ್ಲಿ ತಂದ ಅಳತೆ ಇದು. 7 ಅಂದರೆ ತಟಸ್ಥ, ಕೆಳಗಿಳಿದಷ್ಟೂ ಹುಳಿ. ಒಂದೊಂದು ಅಂಕಿಗೂ ಹತ್ತು ಪಟ್ಟು ಅಂತರ ಅನ್ನುವುದನ್ನು ಮಾತ್ರ ಮರೆಯಬೇಡಿ. 6ರಿಂದ 4ಕ್ಕೆ ಇಳಿದರೆ ಹುಳಿ ನೂರು ಪಟ್ಟು ಹೆಚ್ಚಿದೆ ಎಂದರ್ಥ.

ನಿಜವಾದ ಹುಳಿ ಏರುವುದು ನೀರು ನೆಲಕ್ಕೆ ಇಳಿದ ಮೇಲೆ. ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡುವುದರಿಂದ ಮಣ್ಣಿನ ಸಂದುಗಳಲ್ಲಿ ಇಂಗಾಲದ ಡೈಆಕ್ಸೈಡ್ ಹೊರಗಿನ ಗಾಳಿಗಿಂತ ಹತ್ತಾರು ಪಟ್ಟು ಇರುತ್ತದೆ. ಕೊಳೆಯುವ ಎಲೆಗಳೂ ತಮ್ಮ ಪಾಲಿನ ಆಮ್ಲ ಸೇರಿಸುತ್ತವೆ. ಬಂಡೆಗೆ ಅಂಟಿಕೊಂಡ ಕಲ್ಲುಹೂವು ಕೂಡ ಆಕ್ಸಾಲಿಕ್ ಆಮ್ಲ ಒಸರಿಸಿ ಕಲ್ಲನ್ನು ಕೊರೆಯುತ್ತದೆ.

ಸುಣ್ಣಕಲ್ಲು ಕರಗುತ್ತೆ, ಗ್ರಾನೈಟ್ ಕರಗಲ್ಲ. ಏನು ವ್ಯತ್ಯಾಸ?

ಗ್ರಾನೈಟ್ ಕೂಡ ಸೋಲುತ್ತದೆ, ನಿಧಾನವಾಗಿ. ಸೋಲುವ ಬಗೆ ಬೇರೆ. ಸುಣ್ಣಕಲ್ಲು ಹುಳಿ ನೀರಿನಲ್ಲಿ ಇಡಿಯಾಗಿ ಕರಗಿ ಹೋಗುತ್ತದೆ, ಹಿಂದೆ ಉಳಿಯುವುದು ಬರೀ ಕಲ್ಮಷ. ಗುಹೆಗಳು ಹೀಗೇ ಆಗುವುದು. ಆ ನೀರು ಗುಹೆಯ ಸೂರಿನಿಂದ ತೊಟ್ಟಿಕ್ಕುವಾಗ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹಾರಿಹೋಗುತ್ತದೆ, ಕರಗಿದ್ದ ಸುಣ್ಣ ಮತ್ತೆ ಗಟ್ಟಿಯಾಗಿ ತೂಗುಗಲ್ಲಾಗುತ್ತದೆ. ಗ್ರಾನೈಟಿನ ಫೆಲ್ಡ್‌ಸ್ಪಾರ್ ಮಾತ್ರ ಅರೆಬರೆ ಕರಗುತ್ತದೆ: ಪೊಟ್ಯಾಸಿಯಂ, ಸೋಡಿಯಂ, ಒಂದಿಷ್ಟು ಸಿಲಿಕಾ (ಬೆಣಚುಕಲ್ಲು ಆಗಿರುವುದೂ ಇದರಿಂದಲೇ) ನೀರಿನ ಜೊತೆ ಹೋಗುತ್ತವೆ, ಉಳಿದದ್ದು ಜೇಡಿಯಾಗಿ ಅಲ್ಲೇ ಕೂರುತ್ತದೆ.

ನನ್ನ ಅಮೃತಶಿಲೆಯ ಮೇಜಿನ ಮೇಲೆ ಒಮ್ಮೆ ನಿಂಬೆ ಹೋಳು ಮರೆತು ಮಲಗಿದ್ದೆ. ಬೆಳಗ್ಗೆ ಅದೇ ಆಕಾರದ ಮಂಕು ಕಲೆ. ಒರೆಸಿದರೆ ಹೋಗಲಿಲ್ಲ, ಯಾಕೆಂದರೆ ಅಲ್ಲಿ ಒರೆಸಲು ಏನೂ ಇರಲಿಲ್ಲ, ಕಲ್ಲೇ ಹೋಗಿತ್ತು. ಅಮೃತಶಿಲೆಯೂ ಸುಣ್ಣಕಲ್ಲಿನ ಮನೆತನದ್ದೇ ಅಂತ ಪಾಠ ಹೇಳುವವನಿಗೆ ಆದ ಪಾಠ ಅದು.

ಆಸಿಡ್ ಮಳೆ ಅಂದ್ರೆ ಚರ್ಮ ಸುಡೋ ಮಳೆನಾ?

ಅಲ್ಲ. ಕೈಯೊಡ್ಡಿದರೆ ಮಾಮೂಲಿ ಮಳೆಯೇ. ಕಲ್ಲಿದ್ದಲು, ಎಣ್ಣೆ ಉರಿಸಿದಾಗ ಹೊರಡುವ ಗಂಧಕ ಮತ್ತು ಸಾರಜನಕದ ಆಕ್ಸೈಡುಗಳು ಮೋಡದಲ್ಲಿ ಗಂಧಕಾಮ್ಲ, ನೈಟ್ರಿಕ್ ಆಮ್ಲಗಳಾಗುತ್ತವೆ. ಹಾಗೆ ಕೆಟ್ಟ ಮಳೆಯ ಪಿಎಚ್ 4ರಿಂದ 4.5ರ ಆಸುಪಾಸು ಇರುತ್ತಿತ್ತು. ಈ ಹೆಸರನ್ನು ಕೊಟ್ಟವರು ರಾಬರ್ಟ್ ಆಂಗಸ್ ಸ್ಮಿತ್, 1872ರಲ್ಲಿ. ಮ್ಯಾಂಚೆಸ್ಟರಿನ ಕಾರ್ಖಾನೆಗಳ ಹೊಗೆಯ ಕೆಳಗೆ ಮಳೆ ನೀರು ಹಿಡಿದು ಪರೀಕ್ಷಿಸಿದವರು ಅವರು.

ಪೆಟ್ಟು ಬಿದ್ದದ್ದು ಕೆರೆಗಳಿಗೆ, ಕಾಡಿನ ಮಣ್ಣಿಗೆ, ಹಳೆಯ ಕಟ್ಟಡಗಳಿಗೆ. ಸ್ವೀಡನ್, ನಾರ್ವೆಗಳ ತಳ ಗ್ರಾನೈಟ್ ಜಾತಿಯದು, ಹುಳಿಯನ್ನು ಹೀರಲು ಅಲ್ಲಿ ಸುಣ್ಣವಿಲ್ಲ. ಸಾವಿರಾರು ಕೆರೆಗಳು ಹುಳಿಯಾಗಿ ಮೀನು ಸತ್ತವು. ಸುಣ್ಣಕಲ್ಲಿನ ನೆಲದ ಕೆರೆಗಳು ಅದೇ ಮಳೆಯನ್ನು ಕುಡಿದು ಅರಗಿಸಿಕೊಂಡವು. ಹೊಗೆಗೆ ಗಡಿ ಇಲ್ಲ ಅಂತ ಗೊತ್ತಾದ ಮೇಲೆ 1979ರಲ್ಲಿ ಜಿನೀವಾದಲ್ಲಿ ದೇಶಗಳು ಒಪ್ಪಂದಕ್ಕೆ ಬಂದವು. ಗಂಧಕದ ಹೊಗೆ ಯುರೋಪು, ಅಮೆರಿಕಗಳಲ್ಲಿ ಬಹಳ ಇಳಿಯಿತು. ಮಳೆ ಬೇಗ ಸುಧಾರಿಸಿತು. ಮಣ್ಣು ಅಷ್ಟು ಬೇಗ ಸುಧಾರಿಸಲಿಲ್ಲ. ತೊಳೆದುಹೋದ ಕ್ಯಾಲ್ಸಿಯಂ ಮತ್ತೆ ಕಲ್ಲಿನಿಂದಲೇ ಬರಬೇಕು, ಕಲ್ಲಿಗೆ ಅವಸರವಿಲ್ಲ.

ಹಾಗಾದ್ರೆ ಮಣ್ಣು ಹುಳಿಯಾಗೋದಕ್ಕೆ ಆಸಿಡ್ ಮಳೆಯೇ ಕಾರಣನಾ?

ಬಹಳಷ್ಟು ಕಡೆ ಅಲ್ಲ. ಜೋರು ಮಳೆಯ ಸೀಮೆಯಲ್ಲಿ ಮಣ್ಣು ತಾನಾಗಿಯೇ ಹುಳಿಯಾಗುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ ಇಳಿದುಹೋಗುತ್ತವೆ, ಆ ಜಾಗದಲ್ಲಿ ಜಲಜನಕ ಮತ್ತು ಅಲ್ಯೂಮಿನಿಯಂ ಬಂದು ಕೂರುತ್ತವೆ. ಬೆಳೆ ಕೊಯ್ದು ಒಯ್ಯುವಾಗಲೂ ಇದೇ ಸುಣ್ಣದಂಶ ಹೊಲ ಬಿಟ್ಟು ಹೋಗುತ್ತದೆ.

ಕೃಷಿಯಲ್ಲಿ ದೊಡ್ಡ ಪಾಲು ಅಮೋನಿಯಂ ಗೊಬ್ಬರದ್ದು. ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡುವಾಗ ಹುಳಿ ಬಿಡುಗಡೆಯಾಗುತ್ತದೆ. ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1856ರಿಂದ ಒಂದೇ ಹುಲ್ಲುಗಾವಲಿನ ಪಟ್ಟಿಗಳಿಗೆ ಬೇರೆ ಬೇರೆ ಗೊಬ್ಬರ ಹಾಕುತ್ತಾ ಬಂದಿದ್ದಾರೆ. ಅಮೋನಿಯಂ ಸಲ್ಫೇಟ್ ಜಾಸ್ತಿ ಬಿದ್ದು ಸುಣ್ಣ ಬೀಳದ ಪಟ್ಟಿಗಳ ಪಿಎಚ್ 4ಕ್ಕಿಂತ ಕೆಳಗಿಳಿಯಿತು. ಹತ್ತಾರು ಬಗೆಯ ಗಿಡಗಳಿದ್ದ ಕಡೆ ಬೆರಳೆಣಿಕೆಯವು ಉಳಿದವು. ಅದೇ ಮಳೆ, ಅದೇ ನೆಲ, ಪಕ್ಕದ ಪಟ್ಟಿ ಚೆನ್ನಾಗಿಯೇ ಇದೆ.

ಹುಳಿ ಮಣ್ಣಲ್ಲಿ ಗಿಡ ಸೊರಗೋದು ಯಾಕೆ? ಹುಳಿ ಬೇರನ್ನು ಸುಡುತ್ತಾ?

ಸುಡುವುದು ಅಲ್ಯೂಮಿನಿಯಂ. ಜೇಡಿಯ ಒಳಗೆ ಅದು ಸಾಮಾನ್ಯವಾಗಿ ತೆಪ್ಪಗೆ ಇರುತ್ತದೆ. ಪಿಎಚ್ 5.5ಕ್ಕಿಂತ ಕೆಳಗಿಳಿದಂತೆ ಕರಗಿ ನೀರಿಗೆ ಬರುತ್ತದೆ, ಬೇರಿನ ತುದಿಯನ್ನು ಮೊಂಡಾಗಿಸುತ್ತದೆ. ಮೊಂಡು ಬೇರಿಗೆ ಆಳದ ನೀರು ಎಟುಕುವುದಿಲ್ಲ. ರಂಜಕ ಕೂಡ ಅಲ್ಯೂಮಿನಿಯಂ, ಕಬ್ಬಿಣಗಳಿಗೆ ಅಂಟಿಕೊಂಡು ಗಿಡಕ್ಕೆ ಸಿಗದಂತಾಗುತ್ತದೆ. ಇದಕ್ಕೆಲ್ಲ ಹೊಂದಿಕೊಂಡ ಗಿಡಗಳೂ ಇವೆ. ಚಹಾ ಗಿಡ ಹುಳಿ ಮಣ್ಣನ್ನೇ ಬಯಸುತ್ತದೆ. ಹೈಡ್ರೇಂಜಿಯ ಹೂವಿನ ಕೆಲವು ತಳಿಗಳು ಹುಳಿ ಮಣ್ಣಿನಲ್ಲಿ ನೀಲಿ, ಸುಣ್ಣದ ಮಣ್ಣಿನಲ್ಲಿ ಗುಲಾಬಿ. ಆ ನೀಲಿಯೂ ಅಲ್ಯೂಮಿನಿಯಂ ಮಾಡಿದ್ದೇ.

ಪಿಎಚ್ ಒಂದೇ ಇದ್ರೂ ಒಂದು ಹೊಲಕ್ಕೆ ಸುಣ್ಣ ಕಮ್ಮಿ, ಇನ್ನೊಂದಕ್ಕೆ ಜಾಸ್ತಿ ಯಾಕೆ ಹೇಳ್ತಾರೆ?

ಪಿಎಚ್ ತೋರಿಸುವುದು ನೀರಿನಲ್ಲಿ ತೇಲುತ್ತಿರುವ ಹುಳಿಯನ್ನು ಮಾತ್ರ. ಜೇಡಿ ಮತ್ತು ಕೊಳೆತ ಅಂಶದ ಮೈಗೆ ಅಂಟಿಕೊಂಡ ಹುಳಿಯ ದಾಸ್ತಾನು ಬೇರೆ ಇರುತ್ತದೆ. ನೀರಿನ ಹುಳಿ ಕಳೆದಂತೆ ದಾಸ್ತಾನಿನಿಂದ ಹೊಸದು ಬರುತ್ತದೆ. ಮರಳು ಮಣ್ಣಿನ ದಾಸ್ತಾನು ಸಣ್ಣದು, ಜೇಡಿಯದು ದೊಡ್ಡದು. ಅದಕ್ಕೇ ಪಿಎಚ್ ನೋಡಿ ಕಣ್ಣಂದಾಜಿನಲ್ಲಿ ಸುಣ್ಣ ಎರಚುವುದು ಬೇಡ ಅನ್ನುವುದು. ಮರಳು ಮಣ್ಣಿಗೆ ಹೆಚ್ಚಾದರೆ ಸತು, ಮ್ಯಾಂಗನೀಸ್ ಸಿಗದೆ ಗಿಡ ಬೇರೆ ಥರ ಸೊರಗುತ್ತದೆ.

## ಕೊಚ್ಚಿಹೋಗುವ ಮಣ್ಣು

ಮಳೆಹನಿ ಅಷ್ಟು ಪುಟ್ಟದು. ಅದು ಮಣ್ಣು ಕೊಚ್ಚುತ್ತಾ?

ಕೊಚ್ಚುವ ಕೆಲಸ ಶುರುವಾಗುವುದೇ ಅದರಿಂದ. ದಪ್ಪ ಹನಿಯೊಂದು ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ಬೀಳುತ್ತದೆ, ಅಂದರೆ ಗಂಟೆಗೆ 30 ಕಿಲೋಮೀಟರಿಗೂ ಹೆಚ್ಚು. ಬರಿ ನೆಲಕ್ಕೆ ಬಡಿದಾಗ ಮಣ್ಣಿನ ಉಂಡೆ ಒಡೆದು ಕಣಗಳು ಸಿಡಿಯುತ್ತವೆ. ಗೋಡೆಯ ಬುಡದಲ್ಲಿ ಮೊಣಕಾಲೆತ್ತರಕ್ಕೆ ಕಾಣುವ ಕೆಸರಿನ ಚುಕ್ಕಿಗಳು ಇದರ ಸಾಕ್ಷಿ. ಜೋರು ಮಳೆಯ ಮರುದಿನ ಬರಿ ನೆಲದ ಮೇಲೆ ಬಗ್ಗಿ ನೋಡಿ. ಸಣ್ಣ ಕಲ್ಲುಗಳು ಪುಟಾಣಿ ಮಣ್ಣಿನ ಕಂಬಗಳ ಮೇಲೆ ನಿಂತಿರುತ್ತವೆ. ಕಲ್ಲು ಕೊಡೆಯಾಗಿ ತನ್ನಡಿಯ ಮಣ್ಣನ್ನು ಉಳಿಸಿಕೊಂಡಿದೆ, ಸುತ್ತಲಿನದು ಹೋಗಿದೆ. ಕಂಬದ ಎತ್ತರವೇ ಹೋದ ಮಣ್ಣಿನ ಅಳತೆ.

ಸಿಡಿದ ನಯ ಕಣಗಳು ನೆಲದ ರಂಧ್ರಗಳಿಗೆ ಕೂತು ಮೇಲ್ಮೈ ಹೆಪ್ಪಳಿಕೆ ಕಟ್ಟುತ್ತದೆ. ಇಂಗಬೇಕಾದ ನೀರು ಹರಿಯತೊಡಗುತ್ತದೆ. ಮೊದಲು ತೆಳು ಹಾಳೆಯಂತೆ, ಆಮೇಲೆ ಗೀರುಗಳಲ್ಲಿ, ಕಡೆಗೆ ಕೊರಕಲಾಗಿ. ಕೊರಕಲು ಕಣ್ಣಿಗೆ ಹೊಡೆಯುತ್ತದೆ, ಎಲ್ಲರೂ ಫೋಟೋ ತೆಗೆಯುತ್ತಾರೆ. ಹಾಳೆಯಂತೆ ಹೋದದ್ದು ಯಾರಿಗೂ ಕಾಣುವುದಿಲ್ಲ, ಹೋಗುವುದು ಮಾತ್ರ ಅತಿ ಫಲವತ್ತಾದ ಮೇಲ್ಪದರ.

ಮರ ನೆಟ್ಟರೆ ಸವಕಳಿ ನಿಲ್ಲುತ್ತೆ ಅಲ್ವಾ?

ಮರದ ಕೆಳಗೆ ಏನಿದೆ ಅನ್ನುವುದರ ಮೇಲೆ ನಿಂತಿದೆ. ಎತ್ತರದ ಮರದ ಅಗಲ ಎಲೆಗಳು ಸಣ್ಣ ಹನಿಗಳನ್ನು ಕೂಡಿಸಿ ದಪ್ಪ ಹನಿಗಳಾಗಿ ಬೀಳಿಸುತ್ತವೆ. ಎಂಟು ಒಂಬತ್ತು ಮೀಟರ್ ಮೇಲಿಂದ ಬಿದ್ದರೆ ಅವಕ್ಕೆ ಹೆಚ್ಚುಕಡಿಮೆ ಪೂರ್ಣ ವೇಗ ಬಂದಿರುತ್ತದೆ. ತರಗೆಲೆ ಗುಡಿಸಿದ, ಬೆಂಕಿಗೆ ಸಿಕ್ಕ ತೇಗದ ತೋಪಿನಲ್ಲಿ ಬಯಲಿಗಿಂತ ಜಾಸ್ತಿ ಮಣ್ಣು ಸಿಡಿಯಬಹುದು. ಕಾಯುವುದು ನೆಲಕ್ಕೆ ಹತ್ತಿರದ ಹೊದಿಕೆ: ಹುಲ್ಲು, ತರಗೆಲೆ, ಕೂಳೆ. ಬದು ಹಾಕುವುದೂ ಇಳಿಜಾರಿಗೆ ಅಡ್ಡ ಉಳುವುದೂ ಹರಿಯುವ ನೀರನ್ನು ತಡೆಯುತ್ತವೆ, ಹನಿಯ ಏಟನ್ನು ತಡೆಯುವುದಿಲ್ಲ. ಎರಡರಲ್ಲಿ ಒಂದೇ ಆರಿಸಿ ಅಂದರೆ ನಾನು ಹೊದಿಕೆಯನ್ನೇ ಆರಿಸುತ್ತೇನೆ.

ಸವಕಳಿ ಪ್ರಕೃತಿ ಸಹಜ ತಾನೆ? ಅದಕ್ಕೆ ಇಷ್ಟು ಗಾಬರಿ ಯಾಕೆ?

ಸಹಜವೇ. ಅದಿಲ್ಲದಿದ್ದರೆ ನದೀ ಮುಖಜ ಭೂಮಿಯೂ ಇರುತ್ತಿರಲಿಲ್ಲ, ಮೆಕ್ಕಲು ಮಣ್ಣೂ ಇರುತ್ತಿರಲಿಲ್ಲ. ತಕರಾರು ಇರುವುದು ವೇಗದ ಬಗ್ಗೆ. ಒಂದು ಹೆಕ್ಟೇರಿನಿಂದ ಒಂದು ಮಿಲಿಮೀಟರ್ ಮಣ್ಣು ಹೋಯಿತು ಅಂದರೆ ಸುಮಾರು 13 ಟನ್. ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಕಲ್ಲಿನಿಂದ ಅಷ್ಟು ಮಣ್ಣು ಹುಟ್ಟಲು ಸಾಮಾನ್ಯವಾಗಿ ಹತ್ತಾರು ವರ್ಷ ಬೇಕು. ಇಳಿಜಾರಿನ ಬರಿ ಹೊಲದಲ್ಲಿ ಒಂದೇ ಮಳೆಗಾಲಕ್ಕೆ ಹೋಗಬಹುದು.

1930ರ ದಶಕದಲ್ಲಿ ಅಮೆರಿಕದ ಬಯಲುಗಳಲ್ಲಿ ಹುಲ್ಲು ಕಿತ್ತು ಉತ್ತ ನೆಲದ ಮೇಲೆ ಬರ ಬಂತು. 1935ರ ಏಪ್ರಿಲ್ 14ರಂದು ಎದ್ದ ಧೂಳಿನ ಗೋಡೆಗೆ ಹಗಲೇ ಕತ್ತಲಾಯಿತು. ಜನ ಆ ದಿನವನ್ನು ಕಪ್ಪು ಭಾನುವಾರ ಎಂದೇ ಕರೆದರು. ಅದೇ ತಿಂಗಳು ಮಣ್ಣು ಸಂರಕ್ಷಣೆಗೆಂದೇ ಅಲ್ಲಿನ ಸರ್ಕಾರ ಇಲಾಖೆಯೊಂದನ್ನು ತೆರೆಯಿತು, ಹ್ಯೂ ಬೆನೆಟ್ ಅದರ ಮೊದಲ ಮುಖ್ಯಸ್ಥ.

ಹುಳಿಗೂ ಸವಕಳಿಗೂ ಏನಾದ್ರೂ ಸಂಬಂಧ ಇದೆಯಾ?

ಇದೆ, ಎರಡೂ ದಿಕ್ಕಿನಲ್ಲಿ. ಹುಳಿ ನೆಲದಲ್ಲಿ ಗಿಡ ಸೊರಗಿದರೆ ಹೊದಿಕೆ ತೆಳುವಾಗುತ್ತದೆ, ಮಳೆಗೆ ಬರಿ ನೆಲ ಸಿಗುತ್ತದೆ. ಇತ್ತ ಮೇಲ್ಮಣ್ಣು ಕೊಚ್ಚಿಹೋದರೆ ಎಷ್ಟೋ ಕಡೆ ಅಡಿಯ ಹುಳಿ ಪದರ, ಅಲ್ಯೂಮಿನಿಯಂ ತುಂಬಿದ್ದು, ಮೇಲೆ ಬರುತ್ತದೆ. ಅಲ್ಲಿ ಬೀಜ ಮೊಳೆತರೂ ಬೇರು ಇಳಿಯುವುದಿಲ್ಲ.

ಅತಿರೇಕದ ಉದಾಹರಣೆ ಪೈರೈಟ್ ಇರುವ ನೆಲ. ಕಬ್ಬಿಣ ಮತ್ತು ಗಂಧಕದ ಈ ಖನಿಜ ನೀರಿನಡಿ ಇರುವಷ್ಟು ದಿನ ನಿರುಪದ್ರವಿ. ಕರಾವಳಿಯ ಜೌಗು ಬಸಿದಾಗ, ಗಣಿ ತೋಡಿದಾಗ ಗಾಳಿ ತಾಗಿ ಗಂಧಕಾಮ್ಲ ಹುಟ್ಟುತ್ತದೆ. ಸ್ಪೇನಿನ ರಿಯೊ ಟಿಂಟೊ ನದಿ ಹೀಗೇ ಕೆಂಪಗೆ ಹರಿಯುತ್ತದೆ, ಅದರ ಪಿಎಚ್ ಸುಮಾರು 2ರಿಂದ 2.5. ಸಾವಿರಾರು ವರ್ಷಗಳ ಗಣಿಗಾರಿಕೆ ಅದಕ್ಕೆ ಕೈ ಜೋಡಿಸಿದೆ.

## ಸ್ವಲ್ಪ ಆಳಕ್ಕೆ ಇಳಿದವರಿಗೆ

ಒಂದೇ ಮಣ್ಣನ್ನು ಎರಡು ಕಡೆ ಕೊಟ್ಟೆ, ಎರಡು ಪಿಎಚ್ ಬಂತು. ಯಾವುದು ಸುಳ್ಳು?

ಬಹುಶಃ ಎರಡೂ ನಿಜ. ಒಬ್ಬರು ಮಣ್ಣನ್ನು ನೀರಿನಲ್ಲಿ ಕದಡಿ ಅಳೆದಿರುತ್ತಾರೆ, ಇನ್ನೊಬ್ಬರು ತೆಳು ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣದಲ್ಲಿ. ಎರಡನೆಯದು ಜೇಡಿಗೆ ಅಂಟಿದ ಹುಳಿಯನ್ನೂ ಸ್ವಲ್ಪ ಹೊರಗೆಳೆಯುವುದರಿಂದ ಅಂಕಿ 0.5ರಷ್ಟೋ ಇನ್ನೂ ಹೆಚ್ಚೋ ಕೆಳಗೆ ಬರುತ್ತದೆ. ಮಣ್ಣಿಗೆ ಎಷ್ಟು ನೀರು ಸೇರಿಸಿದರು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ವಿಧಾನ ಬರೆಯದ ಪಿಎಚ್ ಅಂಕಿಯನ್ನು ನಾನಂತೂ ನಂಬುವುದಿಲ್ಲ.

ಇನ್ನೊಂದು ಬಲೆ ಸರಾಸರಿಯದು. 4 ಮತ್ತು 6ರ ಸರಾಸರಿ 5 ಅಂತ ಬರೆದುಬಿಡುತ್ತೇವೆ. ಹುಳಿಯ ಸಾಂದ್ರತೆಯನ್ನೇ ಸರಾಸರಿ ಮಾಡಿದರೆ ಬರುವುದು 4.3.

ಜಂಬಿಟ್ಟಿಗೆ ಕಲ್ಲು ನಿಜವಾಗಿ ಕಲ್ಲಾ, ಮಣ್ಣಾ?

ಕಲ್ಲು ಸೋತು ಸೋತು ಉಳಿದ ಶೇಷ. ಬಿಸಿ, ತೇವದ ಸೀಮೆಯಲ್ಲಿ ಬಹುಕಾಲ ಮಳೆ ತೊಳೆದು ಸಿಲಿಕಾ ಕೂಡ ಹೋಗಿಬಿಟ್ಟಾಗ ಕಬ್ಬಿಣ, ಅಲ್ಯೂಮಿನಿಯಂಗಳ ಆಕ್ಸೈಡ್ ಉಳಿಯುತ್ತವೆ. ಮಲಬಾರಿನಲ್ಲಿ ಇದನ್ನು ಕಂಡ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟರು, ಇಟ್ಟಿಗೆಗಿರುವ ಲ್ಯಾಟಿನ್ ಪದದಿಂದ. ನೆಲದಡಿ ಮೆತ್ತಗಿದ್ದು ಕಡಿಯಲು ಸುಲಭ, ಗಾಳಿ ತಾಗಿದ ಮೇಲೆ ಗಟ್ಟಿ.

ಸವಕಳಿ ಹೆಚ್ಚಾದ್ರೆ ಶಿಥಿಲೀಕರಣವೂ ಹೆಚ್ಚಾಗುತ್ತಾ?

ಒಂದು ಮಿತಿಯವರೆಗೆ, ಹೌದು. ಚಪ್ಪಟೆ ನೆಲದಲ್ಲಿ ಹತ್ತಾರು ಮೀಟರ್ ದಪ್ಪ ಸತ್ತ ಮಣ್ಣು ಕೂತರೆ ನೀರಿಗೆ ಹೊಸ ಕಲ್ಲು ಸಿಗುವುದಿಲ್ಲ. ಒಡೆಯುವ ಕೆಲಸ ಬಹುತೇಕ ನಿಲ್ಲುತ್ತದೆ. ಕಡಿದಾದ ಬೆಟ್ಟದಲ್ಲಿ ಇದಕ್ಕೆ ತಿರುಗುಮುರುಗು: ಹೊಸ ಕಲ್ಲು ಬೇಕಾದಷ್ಟು, ಆದರೆ ಅದು ನೀರಿನ ಜೊತೆ ಪೂರ್ತಿ ವರ್ತಿಸುವ ಮೊದಲೇ ಕೊಚ್ಚಿಹೋಗುತ್ತದೆ. ನಡುವೆ ಎಲ್ಲೋ ತೆಳು ಮಣ್ಣು ಹೊದ್ದ ಕಲ್ಲು ಅತಿ ಬೇಗ ಒಡೆಯುತ್ತದೆ, ಯಾಕೆಂದರೆ ಆ ತೆಳು ಮಣ್ಣು ತೇವವನ್ನು ಹಿಡಿದಿಡುತ್ತದೆ. ಗ್ರೋವ್ ಕಾರ್ಲ್ ಗಿಲ್ಬರ್ಟ್ 1877ರಲ್ಲೇ ಇದನ್ನು ಊಹಿಸಿದ್ದರು.

ಕಲ್ಲು ಒಡೆಯೋದು ಭೂಮಿಯ ಹವಾಮಾನವನ್ನು ಕಾಯುತ್ತೆ ಅಂತಾರಲ್ಲ, ಹೇಗೆ?

ಸಿಲಿಕೇಟ್ ಕಲ್ಲು, ಅಂದರೆ ಗ್ರಾನೈಟ್, ಬಸಾಲ್ಟ್‌ನಂಥದ್ದು, ಕಾರ್ಬಾನಿಕ್ ಆಮ್ಲದೊಂದಿಗೆ ವರ್ತಿಸಿದಾಗ ಗಾಳಿಯ ಇಂಗಾಲ ಬೈಕಾರ್ಬನೇಟ್ ಆಗಿ ಕ್ಯಾಲ್ಸಿಯಂ ಜೊತೆ ಸಮುದ್ರ ಸೇರುತ್ತದೆ. ಅಲ್ಲಿ ಚಿಪ್ಪು, ಹವಳವಾಗಿ ತಳಕ್ಕೆ ಕೂರುತ್ತದೆ. ಚಿಪ್ಪು ಕಟ್ಟುವಾಗ ಅರ್ಧ ಇಂಗಾಲ ವಾಪಸ್ ಗಾಳಿಗೆ ಹೋಗುತ್ತದೆ, ಅರ್ಧ ಉಳಿಯುತ್ತದೆ. ಸುಣ್ಣಕಲ್ಲು ಕರಗಿದರೆ ಈ ಉಳಿತಾಯ ಇಲ್ಲ, ತೆಗೆದುಕೊಂಡಷ್ಟನ್ನೂ ವಾಪಸ್ ಕೊಡುತ್ತದೆ. ಎಬೆಲ್ಮನ್ 1845ರಲ್ಲಿ ಇದರ ಎಳೆ ಹಿಡಿದಿದ್ದರು. 1981ರಲ್ಲಿ ವಾಕರ್, ಹೇಸ್, ಕಾಸ್ಟಿಂಗ್ ಮೂವರೂ ಸೇರಿ ಅದನ್ನು ಉಷ್ಣ ನಿಯಂತ್ರಕದ ರೂಪಕ್ಕೆ ತಂದರು. ಭೂಮಿ ಕಾದರೆ ಮಳೆ, ವರ್ತನೆ ಎರಡೂ ಜೋರು, ಇಂಗಾಲ ಇಳಿಯುತ್ತದೆ, ಭೂಮಿ ತಣಿಯುತ್ತದೆ. ತಣಿದರೆ ಕೆಲಸ ನಿಧಾನ, ಜ್ವಾಲಾಮುಖಿಗಳ ಇಂಗಾಲ ಗಾಳಿಯಲ್ಲಿ ಸೇರುತ್ತಾ ಹೋಗುತ್ತದೆ. ನಮ್ಮ ಈಗಿನ ತಾಪಕ್ಕೆ ಇದರಿಂದ ಪರಿಹಾರ ಸಿಗುತ್ತದೆ ಅಂತ ಕಾಯಬೇಡಿ, ಈ ನಿಯಂತ್ರಕ ಕೆಲಸ ಮಾಡುವುದು ಲಕ್ಷಗಟ್ಟಲೆ ವರ್ಷಗಳಲ್ಲಿ.

ಹಾಗಾದ್ರೆ ಬಸಾಲ್ಟ್ ಕಲ್ಲನ್ನು ಪುಡಿ ಮಾಡಿ ಹೊಲಕ್ಕೆ ಹಾಕಿದ್ರೆ ಬೇಗ ಆಗಲ್ವಾ?

ಅದೇ ಆಲೋಚನೆಯಲ್ಲಿ ಹಲವು ಕಡೆ ಪ್ರಯೋಗ ನಡೆಯುತ್ತಿದೆ. ಪುಡಿಯಾದರೆ ಮೈ ಹೆಚ್ಚು, ಮಣ್ಣಿನ ಹುಳಿಯೂ ಇಳಿಯುತ್ತದೆ, ಕ್ಯಾಲ್ಸಿಯಂ ಮೆಗ್ನೀಸಿಯಂ ಸಿಗುತ್ತವೆ. ತೊಡಕುಗಳೂ ಇವೆ. ಅರೆಯಲು, ಸಾಗಿಸಲು ಇಂಧನ ಬೇಕು. ಆಲಿವಿನ್ ಜಾಸ್ತಿ ಇರುವ ಕಲ್ಲಾದರೆ ನಿಕ್ಕಲ್, ಕ್ರೋಮಿಯಂ ಮಣ್ಣಿಗೆ ಸೇರುವ ಭಯ. ಅದಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದಿದೆ. ಅಮೋನಿಯಂ ಗೊಬ್ಬರದಿಂದ ಹುಳಿಯಾದ ಹೊಲದಲ್ಲಿ ಕಲ್ಲಿನ ಪುಡಿ ಮೊದಲು ತಟಸ್ಥಗೊಳಿಸುವುದು ನೈಟ್ರಿಕ್ ಆಮ್ಲವನ್ನು. ಆಗ ಕಲ್ಲು ಕರಗಿದೆ, ಮಣ್ಣು ಸುಧಾರಿಸಿದೆ, ಗಾಳಿಯ ಇಂಗಾಲ ಮಾತ್ರ ಅಲ್ಲೇ ಇದೆ. ಆದ್ದರಿಂದ ಎಷ್ಟು ಪುಡಿ ಕರಗಿತು ಅಂತ ಅಳೆದರೆ ಸಾಲದು, ಹೊಲದಿಂದ ಬಸಿದುಹೋಗುವ ನೀರಿನಲ್ಲಿ ಬೈಕಾರ್ಬನೇಟ್ ಎಷ್ಟಿದೆ, ನೈಟ್ರೇಟ್ ಎಷ್ಟಿದೆ ಎಂದು ನೋಡಬೇಕು.